ಕ್ಯಾಂಟರ್ ಬ್ಯಾಡ್ಜ್‌ಗಿಂತ ಮೊದಲು: ಮಕ್ಕಳ ಕುದುರೆ ಸವಾರಿಗೆ ಹಂತಗಳನ್ನು ಕಟ್ಟುವುದು ಹೇಗೆ?

ಪ್ರಶ್ನೆ: ಮೈಸೂರಿನ ಹೊರಗೆ ಒಂದು ಸಣ್ಣ ರೈಡಿಂಗ್ ಶಾಲೆ ನಡೆಸುತ್ತಿದ್ದೇನೆ. ಐದು ಕುದುರೆಗಳಿವೆ. ಮೂರು ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್, ಎರಡು ಪೋನಿ (ಗಿಡ್ಡ ತಳಿಯ ಕುದುರೆ). 6ರಿಂದ 14 ವರ್ಷದ ಸುಮಾರು 30 ಮಕ್ಕಳು ಬರುತ್ತಾರೆ, ಹೆಚ್ಚಾಗಿ ಶನಿವಾರ, ಭಾನುವಾರ. ಅಪ್ಪ ಅಮ್ಮಂದಿರದು ಒಂದೇ ಪ್ರಶ್ನೆ: ‘ಯಾವಾಗ ಓಡಿಸ್ತಾನೆ?’ ಅದಕ್ಕೇ ವಾಕ್ (ನಡಿಗೆ), ಟ್ರಾಟ್ (ಕುಲುಕುವ ಚುರುಕು ನಡೆ), ಕ್ಯಾಂಟರ್ (ಹದವಾದ ಓಟ), ಜಂಪಿಂಗ್ ಅಂತ ನಾಲ್ಕು ಹಂತ ಮಾಡಿ, ಹಂತಕ್ಕೆ ಹತ್ತು ತರಗತಿ ಇಟ್ಟು, ಮುಗಿಸಿದವರಿಗೆ ಬ್ಯಾಡ್ಜ್ ಕೊಡೋಣ ಅಂದುಕೊಂಡಿದ್ದೇನೆ. ಇದು ಸರಿಹೋಗುತ್ತಾ? ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ?

ಉತ್ತರ: ಬ್ಯಾಡ್ಜ್ ಖಂಡಿತ ಕೊಡಿ. ಮಕ್ಕಳಿಗೆ ಅದು ಬೇಕು. ಆದರೆ ಈ ನಾಲ್ಕು ಹಂತಗಳನ್ನು ಬಿಟ್ಟುಬಿಡಿ.

ವಾಕ್, ಟ್ರಾಟ್, ಕ್ಯಾಂಟರ್ ಇವೆಲ್ಲ ಕುದುರೆಯ ನಡೆಗಳು. ಕುದುರೆಗೆ ಅವು ಹುಟ್ಟಿನಿಂದಲೇ ಬರುತ್ತವೆ. ಬೆನ್ನ ಮೇಲೆ ರಾಗಿ ಮೂಟೆ ಕಟ್ಟಿ ಬಿಟ್ಟರೂ, ಮುಂದಿನ ಕುದುರೆ ಕ್ಯಾಂಟರ್ ಮಾಡಿದರೆ ಹಿಂದಿನದೂ ಮಾಡುತ್ತದೆ. ಹಾಗಿರುವಾಗ ‘ನನ್ನ ಮಗ ಕ್ಯಾಂಟರ್ ಮಾಡಿದ’ ಅನ್ನುವ ಮಾತಿನಿಂದ ಮಗನಿಗೆ ಏನು ಬರುತ್ತದೆ ಅಂತ ತಿಳಿಯುವುದೇ ಇಲ್ಲ. ಮಾಡಿದ್ದು ಕುದುರೆ. ಮಗ ಮೇಲೆ ಕೂತಿದ್ದ, ಅಷ್ಟೆ. ಬೀಳಲಿಲ್ಲ ಅನ್ನುವುದು ಅವತ್ತಿನ ಅದೃಷ್ಟವೂ ಇರಬಹುದು.

ನೀವು ಅಳೆಯಬೇಕಾದ್ದು ಇನ್ನೊಂದು ಸಂಗತಿ: ಮಗುವಿಗೆ ಎಷ್ಟು ಸಹಾಯ ಬೇಕಾಗುತ್ತಿದೆ? ಮೊದಲು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಕುದುರೆಯನ್ನು ಹಿಡಿದಿರುತ್ತಾನೆ. ಆಮೇಲೆ ಕುದುರೆ ಲಂಜ್ ಹಗ್ಗದಲ್ಲಿ, ಅಂದರೆ ನೀವು ನಡುವೆ ನಿಂತು ಸುತ್ತ ಓಡಾಡಿಸುವ ಉದ್ದ ಹಗ್ಗದಲ್ಲಿರುತ್ತದೆ. ಆಮೇಲೆ ನೀವು ರಿಂಗಿನ ನಡುವೆ ನಿಂತು ಮಾತಿನಲ್ಲಿ ಹೇಳುತ್ತೀರಿ. ಕೊನೆಗೆ ನೀವು ಸುಮ್ನೆ ನಿಲ್ಲುತ್ತೀರಿ. ಈ ಸಹಾಯ ಒಂದೊಂದಾಗಿ ಕಳಚಿಕೊಳ್ಳುವುದೇ ಪ್ರಗತಿ. ವೇಗ ಅದರ ಹಿಂದೆ ತಾನಾಗಿ ಬರುತ್ತದೆ. ನಿಮ್ಮ ಇಡೀ ವ್ಯವಸ್ಥೆಯನ್ನು ಈ ಒಂದು ಪ್ರಶ್ನೆಯ ಮೇಲೆ ಕಟ್ಟಿ ಅನ್ನುವುದು ನನ್ನ ಸಲಹೆ.

ಬೇರೆ ದೇಶಗಳ ವಿಷಯ ಕೇಳಿದ್ದೀರಿ. ಬ್ರಿಟನ್ನಿನ ಪೋನಿ ಕ್ಲಬ್ 1929ರಲ್ಲಿ ಶುರುವಾಯಿತು. ಅಲ್ಲಿ ಪರೀಕ್ಷೆಗಳು ಇ, ಡಿ, ಸಿ, ಬಿ, ಎ ಅಂತ ಮೇಲಕ್ಕೆ ಹೋಗುತ್ತವೆ. ಅಮೆರಿಕದ ಪೋನಿ ಕ್ಲಬ್ 1954ರದ್ದು, ಅಲ್ಲಿಯೂ ಡಿ ಇಂದ ಎ ವರೆಗೆ. ಫ್ರಾನ್ಸಿನಲ್ಲಿ ‘ಗ್ಯಾಲೊ’ ಅಂತ 1ರಿಂದ 7ರವರೆಗೆ ಮಟ್ಟಗಳು. ಜರ್ಮನಿಯಲ್ಲಿ ಇದು ತಿರುಗಾಮುರುಗಾ. ಬ್ಯಾಡ್ಜ್ 10ರಿಂದ ಶುರುವಾಗಿ 1ಕ್ಕೆ ಮುಗಿಯುತ್ತದೆ. ಹೆಸರು ಬೇರೆ ಬೇರೆಯಾದರೂ ಎಲ್ಲದರಲ್ಲೂ ಒಂದು ಮಾತು ಸಮಾನ. ಬರೀ ಸವಾರಿ ಬಂದರೆ ಯಾವ ಮಟ್ಟವೂ ಸಿಗುವುದಿಲ್ಲ. ಕುದುರೆಯ ಹತ್ತಿರ ಹೋಗುವುದು, ನಡೆಸುವುದು, ಮೈ ಉಜ್ಜುವುದು, ಗೊರಸು ಕೆರೆಯುವುದು, ಮೇವಿನ ತಿಳಿವಳಿಕೆ ಎಲ್ಲವೂ ಜೊತೆಯಲ್ಲೇ ಬರಬೇಕು.

ಆದರೆ ಅದನ್ನು ಹಾಗೇ ಎತ್ತಿ ತರಬೇಡಿ. ಅಲ್ಲಿನ ಮಗುವಿಗೆ ತನ್ನ ಅಳತೆಯ ಪೋನಿ ಸಿಗುತ್ತದೆ. ನಿಮ್ಮಲ್ಲಿ ಮೂರು ಥರೋಬ್ರೆಡ್ ಇವೆ. ಅವು ಸಾಮಾನ್ಯವಾಗಿ ಹದಿನೈದೂವರೆ, ಹದಿನಾರು ಹ್ಯಾಂಡ್ ಎತ್ತರ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. ಏಳು ವರ್ಷದ ಹುಡುಗಿಗೆ ಆ ಕುದುರೆಯ ಬಾಯಿಗೆ ಕಡಿವಾಣ ಹಾಕು ಅಂದರೆ ಕೈಯೇ ಎಟುಕುವುದಿಲ್ಲ. ಅಲ್ಲಿನ ಪಟ್ಟಿಯ ಪ್ರಕಾರ ಅವಳು ಫೇಲ್. ತಪ್ಪು ಪಟ್ಟಿಯದ್ದು.

ರೇಸ್ ಕುದುರೆಗಳ ವಿಷಯ ಬಂತು, ಸ್ವಲ್ಪ ನಿಂತು ಹೇಳುತ್ತೇನೆ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ನಡೆಯುವುದರಿಂದ ನಮ್ಮ ಭಾಗದ ಎಷ್ಟೋ ರೈಡಿಂಗ್ ಶಾಲೆಗಳಿಗೆ ಅಲ್ಲಿಂದಲೇ ಕುದುರೆ ಬರುತ್ತವೆ. ಒಳ್ಳೆಯ ಕುದುರೆಗಳು, ಬುದ್ಧಿವಂತ ಕುದುರೆಗಳು. ಆದರೆ ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುತ್ತಾನೆ. ಕುದುರೆ ಆ ಬಿಗಿಗೆ ಒರಗಿಕೊಂಡು ಓಡಲು ಕಲಿತಿರುತ್ತದೆ. ಈಗ ಭಯಬಿದ್ದ ಮಗು ಏನು ಮಾಡುತ್ತದೆ? ಲಗಾಮನ್ನು ಎಳೆದು ಹಿಡಿಯುತ್ತದೆ. ಮಗುವಿನ ಲೆಕ್ಕದಲ್ಲಿ ಅದು ‘ನಿಲ್ಲು’. ಕುದುರೆಯ ಹಳೆಯ ಪಾಠದಲ್ಲಿ ಅದು ‘ಹೊರಡು’. ಎಳೆದಷ್ಟೂ ಕುದುರೆ ಜೋರಾಗುತ್ತದೆ, ಜೋರಾದಷ್ಟೂ ಮಗು ಎಳೆಯುತ್ತದೆ. ಹೊಸದಾಗಿ ಪಾಠ ಹೇಳಿಸಿಕೊಂಡ ಕುದುರೆ ಇದನ್ನು ಮರೆಯುತ್ತದೆ, ಆದರೆ ಅದಕ್ಕೆ ತಿಂಗಳುಗಟ್ಟಲೆ ಕೆಲಸ ಬೇಕು.

ಹಾಗಾಗಿ ಮಕ್ಕಳಿಗೆ ಹಂತ ಹಾಕುವ ಮೊದಲು ಕುದುರೆಗಳಿಗೆ ಹಂತ ಹಾಕಿ. ಐದೂ ಕುದುರೆಗಳ ಹೆಸರು ಬರೆದು, ಯಾವ ಕುದುರೆಯ ಮೇಲೆ ಯಾವ ಹಂತದ ಮಗು ಕೂರಬಹುದು ಅಂತ ಲಾಯದ ಗೋಡೆಗೆ ಅಂಟಿಸಿ. ಶನಿವಾರ ಬೆಳಗ್ಗೆ ಒಂದು ಪೋನಿ ಕುಂಟಿದರೆ, ‘ಇವತ್ತೊಂದು ದಿನ ಆ ದೊಡ್ಡ ಕುದುರೆ ಮೇಲೆ ಕೂರಿಸಿಬಿಡೋಣ’ ಅನ್ನುವ ಆಸೆ ಬರುತ್ತದೆ. ಗೋಡೆಯ ಮೇಲಿನ ಪಟ್ಟಿ ಆಗ ಕೆಲಸಕ್ಕೆ ಬರುತ್ತದೆ.

ತೂಕವನ್ನೂ ಅಲ್ಲೇ ಬರೆಯಿರಿ. ಸವಾರ ಮತ್ತು ಜೀನು ಎರಡೂ ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮೇಲ್ಮಿತಿ. 450 ಕೆ.ಜಿ. ಕುದುರೆಗೆ 90 ಕೆ.ಜಿ. ಆಯಿತು, ಮಕ್ಕಳ ವಿಷಯದಲ್ಲಿ ಚಿಂತೆಯಿಲ್ಲ. ಆದರೆ ನಿಮ್ಮ ಪೋನಿ 200 ಕೆ.ಜಿ. ಇದ್ದರೆ ಒಟ್ಟು 40. ಜೀನಿನ ತೂಕ ಕಳೆದರೆ ಹನ್ನೆರಡು ವರ್ಷದ ಎಷ್ಟೋ ಮಕ್ಕಳು ಅದಕ್ಕೆ ಭಾರವಾಗುತ್ತಾರೆ. ಪೋನಿ ಇಷ್ಟ, ದೊಡ್ಡ ಕುದುರೆ ಭಯ ಅನ್ನುವ ಹನ್ನೆರಡರ ಮಗುವಿಗೆ ಏನು ಮಾಡುವುದು ಅಂತ ಮೊದಲೇ ಯೋಚಿಸಿಡಿ.

ಇನ್ನೊಂದು ಲೆಕ್ಕ ನೋಡಿ. 30 ಮಕ್ಕಳು, ತಲಾ ಅರ್ಧ ಗಂಟೆ ಅಂದರೆ ದಿನಕ್ಕೆ 15 ಗಂಟೆ. ಐದು ಕುದುರೆಗಳಿಗೆ ಹಂಚಿದರೆ ಒಂದೊಂದಕ್ಕೆ ಮೂರು ಗಂಟೆ. ಹೊಸಬರನ್ನು ಹೊರುವ ಕುದುರೆಗೆ ಎರಡು ಗಂಟೆ ಸಾಕು, ಮೂರು ಅಂದರೆ ಮಿತಿ ಮುಟ್ಟಿದಂತೆ. ಅದೂ ಮಧ್ಯೆ ವಿಶ್ರಾಂತಿ ಇದ್ದರೆ. ಹಾಗಾಗಿ ಮೊದಲ ಎರಡು ಹಂತದ ಮಕ್ಕಳಿಗೆ ಒಂದು ಗಂಟೆಯ ತರಗತಿ ಮಾಡಿ. 20 ನಿಮಿಷ ಜೀನಿನ ಮೇಲೆ, 40 ನಿಮಿಷ ನೆಲದ ಮೇಲೆ. ಎಲ್ಲರೂ ಹಾಗೇ ಇದ್ದರೆ ಕುದುರೆಗೆ ಎರಡೇ ಗಂಟೆ ಬೀಳುತ್ತದೆ. ಆರೇಳು ವರ್ಷದವರ ಗಮನವೂ ಜೀನಿನ ಮೇಲೆ ಅದಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ.

ಈಗ ಹಂತಗಳು. ನಾನು ಐದು ಹೇಳುತ್ತೇನೆ. ನಿಮ್ಮ ಅನುಕೂಲಕ್ಕೆ ಹೆಸರು ಬದಲಿಸಿಕೊಳ್ಳಿ.

ಮೊದಲನೆಯದು ನೆಲ. ಕುದುರೆಗೆ ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಮಗು ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಲಗಾಮಿನಿಂದ ಕುದುರೆಯನ್ನು ಕಂಬಕ್ಕೆ ಕಟ್ಟಬಾರದು. ಎಡಗಡೆ ನಡೆದುಕೊಂಡು ಕುದುರೆಯನ್ನು ನಡೆಸಬೇಕು, ನಿಲ್ಲಿಸಬೇಕು, ತಿರುಗಿಸಬೇಕು. ಗೊರಸು ಕೆರೆಯುವಾಗ ಮಂಡಿಯೂರದೆ ಬಗ್ಗಿ ನಿಲ್ಲಬೇಕು. ಕುದುರೆ ಕಾಲು ಕೊಡವಿದರೆ ಎದ್ದು ಸರಿಯಲು ಆಗಬೇಕಲ್ಲ. ಗೊರಸಿನ ಮಧ್ಯದ ಮೆತ್ತನೆಯ ಭಾಗಕ್ಕೆ ಚುಚ್ಚದಂತೆ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೆಯಬೇಕು. ಚಿಕ್ಕ ಮಗುವಿಗೆ ಸೈಸ್ ಕಾಲೆತ್ತಿ ಹಿಡಿಯಲಿ, ಕೆರೆಯುವುದು ಮಗು ಮಾಡಲಿ. ಎತ್ತರ ಸಾಲದಿದ್ದರೆ ಕಡಿವಾಣ ಹಾಕುವುದನ್ನು ಪೋನಿಗೆ ಹಾಕಿ ತೋರಿಸಲಿ.

ಈ ಹಂತ ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ನೀವು ಏನೂ ಹೇಳದೆ ಇರುವಾಗ ಮಗು ಕುದುರೆಯ ಹಿಂದಿನಿಂದ ಹೇಗೆ ದಾಟುತ್ತದೆ ನೋಡಿ. ಪೃಷ್ಠದ ಮೇಲೆ ಕೈಯಿಟ್ಟು, ಮಾತಾಡಿಸುತ್ತಾ, ಮೈಗೆ ಅಂಟಿಕೊಂಡಂತೆ ಹೋಗುತ್ತದೋ? ಅಥವಾ ಒದೆ ತಗಲದಷ್ಟು ದೂರದಿಂದ ಸುತ್ತಿ ಬರುತ್ತದೋ? ಎರಡೂ ಸರಿ. ನಡುವಿನ ದೂರ ಮಾತ್ರ ಅಪಾಯ. ಪಾಠದ ಹೊತ್ತಿನಲ್ಲಿ ಸರಿಯಾಗಿ ಮಾಡಿ, ಮನೆಗೆ ಹೊರಡುವ ಗಡಿಬಿಡಿಯಲ್ಲಿ ಮರೆತರೆ ಇನ್ನೂ ಆಗಿಲ್ಲ ಅಂತ ಅರ್ಥ.

ಎರಡನೆಯದು ಹಗ್ಗ. ಮೊದಲು ಸೈಸ್ ಕೈಯಲ್ಲಿ, ಆಮೇಲೆ ಲಂಜ್ ಮೇಲೆ. ಈ ಹಂತದಲ್ಲಿ ಮಗುವಿನ ಕೈಗೆ ಲಗಾಮು ಕೊಡಲೇಬೇಡಿ. ಕುದುರೆಯ ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿ, ಬೇಕಾದಾಗ ಅದನ್ನು ಹಿಡಿಯಲಿ. ಇಡೀ ಏಣಿಯಲ್ಲಿ ನಾನು ಅತಿ ಹೆಚ್ಚು ಹಟ ಹಿಡಿಯುವುದು ಈ ಒಂದು ನಿಯಮಕ್ಕೆ.

ಯಾಕೆ ಅಂತ ತಿಳಿಯಬೇಕಾದರೆ ಹೊಸ ಮಗುವಿನ ಮೊದಲ ಟ್ರಾಟ್ ಅನ್ನು ಹತ್ತಿರ ನಿಂತು ನೋಡಿ. ಟ್ರಾಟ್‌ನಲ್ಲಿ ಕಾಲುಗಳು ಕರ್ಣದಂತೆ ಜೋಡಿಜೋಡಿಯಾಗಿ ಬೀಳುತ್ತವೆ, ಎರಡೇ ತಾಳ, ಪ್ರತಿ ತಾಳಕ್ಕೂ ಒಂದು ಎಸೆತ. ಮಗುವಿನ ಸೊಂಟ ಬಿಗಿಯುತ್ತದೆ, ಮಂಡಿ ಮೇಲೇರುತ್ತದೆ, ಮುಷ್ಟಿಗಳು ಕಿವಿಯ ಕಡೆಗೆ ಹಾರುತ್ತವೆ. ಮುಷ್ಟಿಯಲ್ಲಿ ಲಗಾಮಿದ್ದರೆ ಆ ಹಾರಾಟವೆಲ್ಲ ಕಡಿವಾಣಕ್ಕೆ ಇಳಿಯುತ್ತದೆ. ಕಡಿವಾಣ ಕೂತಿರುವುದು ನಾಲಿಗೆಯ ಮೇಲೆ, ಹಲ್ಲಿಲ್ಲದ ವಸಡಿನ ಮೇಲೆ. ಕುದುರೆ ಬಾಯಿ ತೆರೆಯುತ್ತದೆ, ತಲೆ ಎತ್ತುತ್ತದೆ, ಬೆನ್ನು ಕುಗ್ಗಿಸುತ್ತದೆ, ಬಾಲ ಬೀಸುತ್ತದೆ. ಬೆನ್ನು ಕುಗ್ಗಿದ ಮೇಲೆ ಎಸೆತ ಇನ್ನೂ ಜಾಸ್ತಿ. ಅದೇ ಮಗುವಿನ ಕೈಗೆ ಕುತ್ತಿಗೆ ಪಟ್ಟಿ ಕೊಟ್ಟು ನೋಡಿ. ಎರಡು ಸುತ್ತಿನಲ್ಲಿ ಕುದುರೆಯ ತಲೆ ಇಳಿಯುತ್ತದೆ, ಮೂಗಿನಿಂದ ಫುರ್ ಅಂತ ಉಸಿರು ಬಿಡುತ್ತದೆ. ಎಸೆತ ಕಮ್ಮಿಯಾಗುತ್ತದೆ. ಮಗು ನಗುತ್ತದೆ.

ಲಂಜ್ ಮೇಲೆ ಏನೇನು ಮಾಡಿಸಬಹುದು ಅಂತ ನಿಮಗೇ ಗೊತ್ತಿದೆ. ಎರಡೂ ಕೈ ಚಾಚುವುದು, ಕಾಲಿನ ಬೆರಳು ಮುಟ್ಟುವುದು, ಸ್ಟಿರಪ್ (ಕಾಲಿಡುವ ರಿಕಾಪು) ಇಲ್ಲದೆ ವಾಕ್, ಆಮೇಲೆ ರೈಸಿಂಗ್ ಟ್ರಾಟ್, ಅಂದರೆ ಟ್ರಾಟ್ ತಾಳಕ್ಕೆ ಜೀನಿನಿಂದ ಎದ್ದು ಕೂರುವುದು. ಮುಗಿಸಲು ಅಳತೆ ಹೀಗಿಡಿ: 20 ಮೀಟರ್ ವ್ಯಾಸದ ಸುತ್ತಿನಲ್ಲಿ ಮೂರು ಸುತ್ತು, ಕುತ್ತಿಗೆ ಪಟ್ಟಿ ಮುಟ್ಟದೆ, ತಾಳ ತಪ್ಪದೆ ರೈಸಿಂಗ್ ಟ್ರಾಟ್. ಎರಡೂ ದಿಕ್ಕಿನಲ್ಲಿ. ಒಂದು ಸುತ್ತು ಸುಮಾರು 63 ಮೀಟರ್, ಹಾಗಾಗಿ ಇದು ಕಮ್ಮಿ ಏನಲ್ಲ. ಕೆಲವು ಮಕ್ಕಳಿಗೆ ನಾಲ್ಕು ತರಗತಿ ಸಾಕು. ಕೆಲವರಿಗೆ ಇಡೀ ಮಳೆಗಾಲ ಬೇಕು. ನಿಮ್ಮ ‘ಹಂತಕ್ಕೆ ಹತ್ತು ತರಗತಿ’ ಮುರಿದು ಬೀಳುವುದು ಇಲ್ಲೇ.

ಮೂರನೆಯದು ಲಗಾಮು. ಈಗ ಕೈಗೆ ಲಗಾಮು ಬಂತು, ಹಗ್ಗ ಹೋಯಿತು. ವಾಕ್ ಮತ್ತು ಟ್ರಾಟ್ ಮಾತ್ರ. ನಿಮ್ಮ ರಿಂಗು 20ಕ್ಕೆ 40 ಮೀಟರ್ ಇದ್ದರೆ ಸುತ್ತಲೂ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಕ್ಷರದ ಹಲಗೆ ನಿಲ್ಲಿಸಿ. ‘ಅಲ್ಲೆಲ್ಲೋ ನಿಲ್ಲಿಸು’ ಅನ್ನುವುದಕ್ಕೂ ‘ಇ ಅಕ್ಷರದ ಹತ್ತಿರ ನಿಲ್ಲಿಸಿ ಐದು ಎಣಿಸು’ ಅನ್ನುವುದಕ್ಕೂ ತುಂಬ ವ್ಯತ್ಯಾಸವಿದೆ. ಜೊತೆಗೆ, ಕುದುರೆಯ ಹೊರಗಿನ ಭುಜ ಮುಂದೆ ಹೋದಾಗ ಜೀನಿನಿಂದ ಏಳುವುದು ಬರಬೇಕು. ಮುಂದಿನ ಕುದುರೆಗೂ ತನಗೂ ನಡುವೆ ಒಂದು ಕುದುರೆಯ ಉದ್ದ ಬಿಡುವುದು ಬರಬೇಕು. ಹತ್ತಿದ ಮೇಲೆ ಗರ್ತ್, ಅಂದರೆ ಹೊಟ್ಟೆಯ ಕೆಳಗಿನ ಪಟ್ಟಿ, ಸಡಿಲವಾಗಿದೆಯಾ ಅಂತ ತಾನೇ ಕೇಳಬೇಕು.

ಇಲ್ಲಿ ಒಂದು ಮೋಸ ನಡೆಯುತ್ತದೆ, ಎಲ್ಲ ಶಾಲೆಗಳಲ್ಲೂ. ನಾಲ್ಕು ಕುದುರೆಗಳು ಸಾಲಾಗಿ ಹೋಗುತ್ತಿರುತ್ತವೆ. ಮೂರನೇ ಕುದುರೆಯ ಮೇಲಿನ ಹುಡುಗ ಚೆನ್ನಾಗಿ ಮೂಲೆ ತಿರುಗಿಸುತ್ತಾನೆ, ಸರಿಯಾಗಿ ನಿಲ್ಲಿಸುತ್ತಾನೆ. ನಿಜ ಏನೆಂದರೆ ಅವನ ಕುದುರೆ ಮುಂದಿನ ಬಾಲವನ್ನು ನೋಡಿಕೊಂಡು ಹೋಗುತ್ತಿದೆ. ಅವನನ್ನು ಸಾಲಿನಿಂದ ಹೊರಗೆ ಕರೆದು, ಎದುರು ದಿಕ್ಕಿನಲ್ಲಿ ಒಬ್ಬನೇ ಹೋಗು ಅನ್ನಿ. ಕುದುರೆ ಗೆಳೆಯರ ಕಡೆಗೇ ವಾಲುತ್ತದೆ. ಆಗ ಹುಡುಗನ ಕಾಲು ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮೂರನೇ ಹಂತದ ಪರೀಕ್ಷೆ ಇಷ್ಟೇ ಇದ್ದರೂ ನಡೆಯುತ್ತದೆ: ಸಾಲು ಬಿಟ್ಟು ಹೊರಬರುವುದು, ಒಂಟಿಯಾಗಿ 20 ಮೀಟರ್ ಸುತ್ತು ಹಾಕುವುದು, ಹೇಳಿದ ಅಕ್ಷರದಲ್ಲಿ ನಿಲ್ಲುವುದು.

ನಿಲ್ಲುವುದನ್ನು ಮಕ್ಕಳು ಕೀಳಾಗಿ ನೋಡುತ್ತಾರೆ, ಅಪ್ಪಂದಿರೂ ಅಷ್ಟೆ. ನೀವು ಮೈಸೂರಿನವರು, ಇದಕ್ಕೆ ನಿಮ್ಮ ಹತ್ತಿರ ಎಲ್ಲರಿಗಿಂತ ಒಳ್ಳೆಯ ಪಾಠವಿದೆ. ದಸರಾಕ್ಕೆ ಮೊದಲು ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳಿಗೂ ಕುಶಾಲತೋಪಿನ, ಅಂದರೆ ಫಿರಂಗಿಯ, ಸದ್ದಿಗೆ ತಾಲೀಮು ಕೊಡುತ್ತಾರೆ. ಮಕ್ಕಳಿಗೆ ಅದರ ಕಥೆ ಹೇಳಿ, ಮೆರವಣಿಗೆಯಲ್ಲಿ ಕುದುರೆಗಳು ಜನ, ವಾದ್ಯ, ಗದ್ದಲದ ನಡುವೆ ಹೇಗೆ ನಿಲ್ಲುತ್ತವೆ ಅಂತ ನೋಡಿಕೊಂಡು ಬರಲು ಹೇಳಿ. ಓಡುವುದು ಕುದುರೆಯ ಸ್ವಭಾವ. ಹೆದರಿಕೆಯಲ್ಲೂ ನಿಲ್ಲುವುದನ್ನು ಕಲಿಸಬೇಕಾಗುತ್ತದೆ.

ನಾಲ್ಕನೆಯದು ಕ್ಯಾಂಟರ್. ಮೊದಲ ಕ್ಯಾಂಟರ್ ಮತ್ತೆ ಲಂಜ್ ಹಗ್ಗದ ಮೇಲೇ ಆಗಲಿ, ಕೈ ಮತ್ತೆ ಕುತ್ತಿಗೆ ಪಟ್ಟಿಗೆ ಹೋಗಲಿ. ‘ನಾನು ಹಗ್ಗ ಮುಗಿಸಿದ್ದೀನಲ್ಲ’ ಅಂತ ಮಗು ಮುನಿಸಿಕೊಳ್ಳಬಹುದು. ಹೊಸ ಕೆಲಸಕ್ಕೆ ಹಳೆಯ ಸಹಾಯ ವಾಪಸ್ ಬರುತ್ತದೆ, ಇದು ನಿಯಮ ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿಟ್ಟರೆ ಮುನಿಸು ಇರುವುದಿಲ್ಲ. ಆಮೇಲೆ ರಿಂಗಿನ ಮೂಲೆಯಿಂದ ಕ್ಯಾಂಟರ್ ಹೊರಡುವುದು, ಮುಂದಿನ ಮೂಲೆಗೆ ಮೊದಲು ಟ್ರಾಟ್‌ಗೆ ಇಳಿಯುವುದು. ಒಳಗಿನ ಮುಂಗಾಲು ಮುಂದೆ ಬೀಳುತ್ತಿದೆಯಾ ಅಂತ ಕೆಳಗೆ ಬಗ್ಗಿ ನೋಡದೆ ಹೇಳುವುದು. ಬಗ್ಗಿ ನೋಡಿದರೆ ತೂಕ ಆ ಭುಜದ ಮೇಲೆ ಬಿದ್ದು ಎಲ್ಲ ಕೆಡುತ್ತದೆ. ಕುದುರೆ ಕೈಮೀರಿದರೆ ಎರಡೂ ಲಗಾಮು ಎಳೆದು ಜಗ್ಗಾಡುವ ಬದಲು, ಸುತ್ತಿಗೆ ತಂದು ಸುತ್ತನ್ನು ಚಿಕ್ಕದು ಮಾಡುತ್ತಾ ನಿಲ್ಲಿಸುವುದನ್ನು ಟ್ರಾಟ್‌ನಲ್ಲೇ ರೂಢಿ ಮಾಡಿಸಿರಬೇಕು. ನಿಮ್ಮ ಥರೋಬ್ರೆಡ್‌ಗಳ ಮೇಲೆ ಇದು ಬರದ ಮಗುವಿಗೆ ಕ್ಯಾಂಟರ್ ಬೇಡವೇ ಬೇಡ.

ಐದನೆಯದು ಜಂಪಿಂಗ್. ಅದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನಿಮ್ಮ 30 ಮಕ್ಕಳಲ್ಲಿ ಎಷ್ಟು ಜನ ಅಲ್ಲಿಗೆ ಬರುತ್ತಾರೋ ನೋಡಿ ಆಮೇಲೆ ಕಟ್ಟಿ. ನೆಲದ ಮೇಲಿನ ಕಂಬಗಳು ಮಾತ್ರ ಮೂರನೇ ಹಂತದಿಂದಲೇ ಬರಲಿ. ದೊಡ್ಡ ಕುದುರೆಯ ಟ್ರಾಟ್‌ಗೆ ಕಂಬದಿಂದ ಕಂಬಕ್ಕೆ ಸುಮಾರು 1.3 ಮೀಟರ್, ಪೋನಿಗೆ ಅದಕ್ಕಿಂತ ಕಮ್ಮಿ. ಕುದುರೆಯ ಹೆಜ್ಜೆ ನೋಡಿ ಸರಿಮಾಡಿಕೊಳ್ಳಿ. ಕಂಬ ದಾಟುವಾಗ ಜೀನಿನಿಂದ ಸ್ವಲ್ಪ ಎದ್ದು, ಜೂಲು ಹಿಡಿದು, ಕೈ ಮುಂದೆ ಬಿಡುವುದು ಅಭ್ಯಾಸವಾಗಿದ್ದರೆ ಮೊದಲ ಜಿಗಿತದ ದಿನ ಕುದುರೆಯ ಬಾಯಿಗೆ ಏಟು ಬೀಳುವುದಿಲ್ಲ.

ಇನ್ನು ಅಳೆಯುವ ರೀತಿ. ಪರೀಕ್ಷೆಯ ದಿನ ಅಂತ ಒಂದು ದಿನ ಇಡಬೇಡಿ. ಆ ದಿನ ಮಗು ಬಿಗಿಯಾಗಿರುತ್ತದೆ, ಬಿಗಿಯಾದ ಮಗುವಿನ ಕೆಳಗೆ ಕುದುರೆಯೂ ಬಿಗಿಯಾಗುತ್ತದೆ, ಬೇಲಿಯ ಆಚೆ ಮೊಬೈಲ್ ಹಿಡಿದು ಅಜ್ಜಿ ತಾತ ಎಲ್ಲ ನಿಂತಿರುತ್ತಾರೆ. ಪ್ರತಿ ಮಗುವಿಗೆ ಒಂದು ಕಾರ್ಡ್ ಮಾಡಿ. ಎಡಗಡೆ ಕೌಶಲಗಳು, ಬಲಗಡೆ ನಾಲ್ಕು ಖಾನೆ: ‘ಹಿಡಿದುಕೊಂಡರೆ’, ‘ಹೇಳಿದರೆ’, ‘ತಾನಾಗಿ’, ‘ಬೇರೆ ಕುದುರೆಯ ಮೇಲೂ’. ಮಾಮೂಲಿ ತರಗತಿಯಲ್ಲೇ ಗಮನಿಸಿ ತಾರೀಖು ಹಾಕುತ್ತಾ ಹೋಗಿ. ‘ತಾನಾಗಿ’ ಖಾನೆಗೆ ಒಂದು ಸಲ ಮಾಡಿದರೆ ಸಾಲದು, ಬೇರೆ ಬೇರೆ ಮೂರು ದಿನ ಬೇಕು. ಕೊನೆಯ ಖಾನೆ ಮೂರನೇ ಹಂತದಿಂದ ಕಡ್ಡಾಯ. ಒಂದೇ ಕುದುರೆಯ ಮೇಲೆ ಎಲ್ಲ ಬರುವ ಮಗುವಿಗೆ ಬರುವುದು ಆ ಕುದುರೆ ಮಾತ್ರ. ಐದೇ ಕುದುರೆ ಇರುವಾಗ ಇದು ಕಷ್ಟ ಅಂತ ಗೊತ್ತು. ಎರಡು ಕುದುರೆ ಆದರೆ ಸಾಕು.

ಖಾನೆ ತುಂಬುವಾಗ ಸೈಸ್‌ನನ್ನೂ ಕೇಳಿ. ನೀವು ರಿಂಗಿನಲ್ಲಿರುವಾಗ ಲಾಯದಲ್ಲಿ ಯಾವ ಮಗು ಏನು ಮಾಡುತ್ತದೆ ಅಂತ ಅವನಿಗೆ ಗೊತ್ತಿರುತ್ತದೆ. ಯಾರು ಬೆವರಿದ ಕುದುರೆಯನ್ನು ಹಾಗೇ ಬಿಟ್ಟು ಚಿಪ್ಸ್ ತಿನ್ನಲು ಓಡುತ್ತಾರೆ, ಯಾರು ಗರ್ತ್ ಸಡಿಲಿಸಿ ನೀರಿನ ಬಕೆಟ್ ನೋಡುತ್ತಾರೆ ಅನ್ನುವುದೆಲ್ಲ ಅವನ ಲೆಕ್ಕದಲ್ಲಿರುತ್ತದೆ. ಅವನ ಮಾತಿಗೆ ಕಾರ್ಡಿನಲ್ಲಿ ಜಾಗ ಕೊಟ್ಟರೆ ಮಕ್ಕಳು ಅವನನ್ನು ಮಾತಾಡಿಸುವ ರೀತಿಯೂ ಬದಲಾಗುತ್ತದೆ. ಇದು ಕೊಸರು ಲಾಭ.

ಆರು, ಏಳು ವರ್ಷದವರಿಗೆ ಐದು ಹಂತ ತುಂಬ ದೂರ. ಅವರಿಗೆ ನಡುನಡುವೆ ಸಣ್ಣ ಸ್ಟಿಕರ್‌ಗಳು ಬೇಕು. ಬ್ರಿಟನ್ನಿನ ಪೋನಿ ಕ್ಲಬ್‌ನಲ್ಲಿ ಪರೀಕ್ಷೆಗಳಲ್ಲದೆ ಒಂದೊಂದು ವಿಷಯಕ್ಕೆ ಒಂದೊಂದು ಪುಟ್ಟ ಬ್ಯಾಡ್ಜ್ ಇದೆ. ಆ ಉಪಾಯ ತರುವಂಥದ್ದು. ಕುದುರೆಯ ಬಣ್ಣ, ಮೈಮೇಲಿನ ಗುರುತು, ಮೇವು, ಲಾಳ, ಹೀಗೆ. ವಿಷದ ಗಿಡಗಳದ್ದೂ ಒಂದಿರಲಿ. ನಮ್ಮ ಕಡೆ ಕಣಗಿಲೆ ಮತ್ತು ಲಂಟಾನ ಎರಡೂ ಕುದುರೆಗೆ ವಿಷ. ಅಂದ ಹಾಗೆ, ನಿಮ್ಮ ಬೇಲಿಯಲ್ಲಿ ಕಣಗಿಲೆ ಇದ್ದರೆ ಈ ವಾರವೇ ತೆಗೆಸಿ. ಕತ್ತರಿಸಿದ ಒಣ ಎಲೆಯಲ್ಲೂ ವಿಷ ಇರುತ್ತದೆ, ಮೇವಿಗೆ ಬೆರೆಯದಂತೆ ದೂರ ಸಾಗಿಸಿ.

ಹಿಂದಕ್ಕೆ ಹೋಗುವ ದಾರಿಯನ್ನೂ ವ್ಯವಸ್ಥೆಯೊಳಗೇ ಇಡಿ. ಹನ್ನೆರಡು, ಹದಿಮೂರರಲ್ಲಿ ಮಕ್ಕಳು ಒಂದೇ ಸಲ ಉದ್ದವಾಗುತ್ತಾರೆ. ಕಾಲು ಎಲ್ಲಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ನಿನ್ನೆ ಬರುತ್ತಿದ್ದ ರೈಸಿಂಗ್ ಟ್ರಾಟ್ ಇವತ್ತು ಕೆಡುತ್ತದೆ. ಒಂದೆರಡು ತರಗತಿ ಲಂಜ್‌ಗೆ ವಾಪಸ್ ಹೋದರೆ ಸರಿಯಾಗುತ್ತದೆ. ಸಿಕ್ಕಿದ ಬ್ಯಾಡ್ಜ್ ಅನ್ನು ಯಾವತ್ತೂ ಕಿತ್ತುಕೊಳ್ಳಬೇಡಿ. ಇವತ್ತಿನ ಪಾಠ ಮಾತ್ರ ಕೆಳಗಿನ ಹಂತದ್ದು.

ಬಿದ್ದವರದ್ದೂ ಹಾಗೇ. ಬಿದ್ದ ತಕ್ಷಣ ಮತ್ತೆ ಹತ್ತಿಸಬೇಕು, ಇಲ್ಲದಿದ್ದರೆ ಭಯ ಕೂರುತ್ತದೆ ಅನ್ನುವ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ. ತಲೆಗೆ ಪೆಟ್ಟಾಗಿರುವ ಅನುಮಾನ ಚೂರು ಇದ್ದರೂ ಅವತ್ತು ಸವಾರಿ ಇಲ್ಲ, ಡಾಕ್ಟರಿಗೆ ತೋರಿಸಬೇಕು, ಆ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಹೆಲ್ಮೆಟ್ ಅಂದರೆ ಸವಾರಿಯದ್ದೇ. ಇಎನ್ 1384 ಅಥವಾ ಎಎಸ್‌ಟಿಎಂ ಎಫ್1163 ಸುರಕ್ಷತಾ ಮಾನದಂಡದ ಗುರುತು ಇರಬೇಕು, ಕ್ರಿಕೆಟ್ ಸೈಕಲ್‌ದ್ದು ನಡೆಯುವುದಿಲ್ಲ. ಚಪ್ಪಟೆ ಸೋಲಿನ ಶೂ ಬೇಡ, ಸಣ್ಣ ಹಿಮ್ಮಡಿ ಇದ್ದರೆ ಕಾಲು ಸ್ಟಿರಪ್ ಒಳಗೆ ಜಾರುವುದಿಲ್ಲ. ಪೆಟ್ಟಿಲ್ಲದೆ ಬರೀ ಭಯವಾಗಿದ್ದರೆ ಹತ್ತುವುದೋ ಬೇಡವೋ ಮಗುವೇ ಹೇಳಲಿ. ಕುದುರೆಯನ್ನು ನಡೆಸಿಕೊಂಡು ಲಾಯಕ್ಕೆ ಹೋಗಿ ಮೈ ಉಜ್ಜಿ ಮನೆಗೆ ಹೋದರೂ ಅವತ್ತಿನ ಪಾಠ ಮುಗಿದಂತೆಯೇ.

ಅಪ್ಪ ಅಮ್ಮಂದಿರ ‘ಯಾವಾಗ ಓಡಿಸ್ತಾನೆ’ಗೆ ಏನು ಹೇಳುವುದು? ಕಾರ್ಡ್ ಕೈಗೆ ಕೊಡಿ. ಹತ್ತು ಸಾಲುಗಳಲ್ಲಿ ಏಳು ‘ತಾನಾಗಿ’ಗೆ ಬಂದಿವೆ, ಮೂರು ‘ಹೇಳಿದರೆ’ಯಲ್ಲಿವೆ ಅಂತ ಕಣ್ಣಿಗೆ ಕಂಡರೆ ಬಹಳಷ್ಟು ಜನ ಸಮಾಧಾನವಾಗುತ್ತಾರೆ. ಅವರಿಗೆ ಬೇಕಾಗಿರುವುದು ಮಗು ಮುಂದೆ ಹೋಗುತ್ತಿದೆ ಅನ್ನುವ ಗುರುತು. ಇಷ್ಟು ದಿನ ಆ ಗುರುತಾಗಿ ಅವರಿಗೆ ಸಿಗುತ್ತಿದ್ದದ್ದು ವೇಗ ಒಂದೇ. ಅದಕ್ಕೂ ಜಗ್ಗದವರಿಗೆ ಬೆಂಗಳೂರಿನ ಫವಾದ್ ಮಿರ್ಜಾ ಉದಾಹರಣೆ ಕೊಡಿ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಮತ್ತು ತಂಡ, ಎರಡೂ ಬೆಳ್ಳಿ. ಆಮೇಲೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಈವೆಂಟಿಂಗ್ ಅಂದರೆ ಗುಡ್ಡ ಹಳ್ಳ ಹಾರಿಸುವ ಆಟ ಅಂತಲೇ ಜನಕ್ಕೆ ಗೊತ್ತು. ಆದರೆ ಅದರ ಮೊದಲ ಪರೀಕ್ಷೆ ಡ್ರೆಸಾಜ್. 60ಕ್ಕೆ 20 ಮೀಟರ್ ಅಂಗಳದಲ್ಲಿ ಅಕ್ಷರದಿಂದ ಅಕ್ಷರಕ್ಕೆ ವಾಕ್, ಟ್ರಾಟ್, ಕ್ಯಾಂಟರ್, ಸುತ್ತು, ನಿಲ್ಲುವುದು. ಅಲ್ಲಿ ಅಂಕ ಹೋದರೆ ಹಾರಿ ತುಂಬಿಕೊಳ್ಳುವುದು ಕಷ್ಟ. ನಿಮ್ಮ ಮಗ ಶನಿವಾರ ‘ಇ’ ಹತ್ತಿರ ನಿಲ್ಲಿಸಲು ಒದ್ದಾಡುತ್ತಿರುವುದು ಅದರದ್ದೇ ಮೊದಲ ಪಾಠ ಅನ್ನಿ.

ಈಗಾಗಲೇ ಕ್ಯಾಂಟರ್ ಮಾಡುತ್ತಿರುವ ಮಕ್ಕಳು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರ ಕಾರ್ಡನ್ನೂ ನೆಲದಿಂದಲೇ ಶುರು ಮಾಡಿ. ಬಂದಿರುವುದನ್ನೆಲ್ಲ ಒಂದೆರಡು ವಾರದಲ್ಲಿ ಗುರುತು ಹಾಕಿ ಮುಗಿಸಬಹುದು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅದು ಅವರ ಹಂತ. ಅವರ ಮನೆಯವರಿಗೆ ಮಾತ್ರ ಮೊದಲೇ ಕೂರಿಸಿ ಹೇಳಿ, ಬೇರೆಯವರ ಎದುರು ಬೇಡ. ಹಂತಕ್ಕೆ ಇಷ್ಟು ಅಂತ ಫೀಸ್ ಇಡಬೇಡಿ. ಇಟ್ಟರೆ ಪಾಸ್ ಮಾಡಿಸುವ ಒತ್ತಡ ಅವರಿಗೂ ಬರುತ್ತದೆ, ನಿಮಗೂ ಬರುತ್ತದೆ. ತಿಂಗಳ ಫೀಸ್ ಇರಲಿ.

ಶುರು ಮಾಡಲು ಜೂನ್ ಒಳ್ಳೆಯ ಕಾಲ. ಮಳೆಗೆ ರಿಂಗು ಜಾರುತ್ತದೆ, ಕ್ಯಾಂಟರ್ ಹೇಗೂ ಕಮ್ಮಿ ಮಾಡಲೇಬೇಕು. ಲಾಯದ ಕೆಲಸ, ಗೊರಸು, ಜೀನು ಒರೆಸಿ ಎಣ್ಣೆ ಹಚ್ಚುವುದು, ಕಾರ್ಡಿನ ಮೊದಲ ಪುಟ ಎಲ್ಲ ಆಗ ಆಗುತ್ತದೆ. ಒದ್ದೆಯಲ್ಲಿ ನಿಂತ ಗೊರಸು ಬೇಗ ಕೊಳೆತು ವಾಸನೆ ಬರುತ್ತದೆ, ಅದನ್ನು ಮೂಸಿ ಕಂಡುಹಿಡಿಯಲು ಕಲಿಸುವುದಕ್ಕೂ ಅದೇ ತಿಂಗಳು ಬೇಕು. ಎಲ್ಲ ಮಕ್ಕಳಿಗೂ ಧನುರ್ವಾತದ ಚುಚ್ಚುಮದ್ದು ಆಗಿದೆಯಾ ಅಂತ ಆಗಲೇ ಕೇಳಿ ಕಾರ್ಡಿನ ಹಿಂದೆ ಬರೆದುಕೊಳ್ಳಿ. ಮೊದಲು ಭಾನುವಾರದ ಒಂದು ಬ್ಯಾಚ್‌ಗೆ ಮಾತ್ರ ಕಾರ್ಡ್ ಕೊಟ್ಟು ನೋಡಿ. ಯಾವ ಸಾಲಿನಲ್ಲಿ ಎಲ್ಲ ಮಕ್ಕಳೂ ಸಿಕ್ಕಿಹಾಕಿಕೊಳ್ಳುತ್ತಾರೋ ಆ ಸಾಲನ್ನು ಎರಡಾಗಿ ಒಡೆದು, ಆಮೇಲೆ ಉಳಿದವರಿಗೆ ಕೊಡಿ.